ಸಯ್ಯಾಜಿರಾವ್ ರಸ್ತೆಯ ಮರದ ಬಾಲ್ಕನಿ

"ಒಳಗೆ ಬನ್ನಿ! ಎಲ್ಲರೂ ಒಳಗೆ ಬನ್ನಿ!"

ಆ ಕೂಗು ಯಾರಿಗೂ ಕೇಳಿಸಲಿಲ್ಲ. ಕೆಳಗೆ ಸಯ್ಯಾಜಿರಾವ್ ರಸ್ತೆಯ ತುಂಬ ಬ್ಯಾಂಡಿನ ಸದ್ದು, ಜನರ ಗದ್ದಲ. ೧೯೫೫ರ ವಿಜಯದಶಮಿಯ ಮಧ್ಯಾಹ್ನ. ಜವಳಿ ವ್ಯಾಪಾರಿ ಗುರುಮಲ್ಲಪ್ಪನವರ ಅಂಗಡಿಯ ಮೇಲಿನ ಮರದ ಬಾಲ್ಕನಿಯಲ್ಲಿ ನೆಂಟರಿಷ್ಟರ ಹೆಂಗಸರು ಒತ್ತಿಕೊಂಡು ನಿಂತು, ಅರಮನೆಯ ಕಡೆಗೆ ಕತ್ತು ಚಾಚಿ ಅಂಬಾರಿಗಾಗಿ ಕಾಯುತ್ತಿದ್ದರು.

ಗುರುಮಲ್ಲಪ್ಪನವರ ಒಬ್ಬಳೇ ಮಗಳು ಗಿರಿಜಾಂಬಾ ಎಡಮೂಲೆಯಲ್ಲಿ ನಿಂತಿದ್ದಳು. ಅವಳ ಪಕ್ಕದಲ್ಲೇ ಪುಟ್ಟತಾಯಮ್ಮ. ಗಿರಿಜೆಯನ್ನು ತಮ್ಮ ಮಗನಿಗೆ ತಂದುಕೊಳ್ಳುವ ಮನಸ್ಸಿನಿಂದ ಚಾಮರಾಜನಗರದಿಂದ ಬಂದಿದ್ದವರು. ಹುಡುಗಿಯ ನಡೆ, ನುಡಿ, ಜಡೆ ಎಲ್ಲವನ್ನೂ ಬೆಳಗಿನಿಂದ ಓರೆಗಣ್ಣಲ್ಲಿ ನೋಡುತ್ತಲೇ ಇದ್ದರು.

ಆಗಲೇ ಗಿರಿಜೆಯ ಕಾಲ ಕೆಳಗಿನ ಹಲಗೆ... ಕೆಳಕ್ಕೆ ಇಳಿಯಿತು.

ಸ್ವಲ್ಪವೇ. ಮೆತ್ತನೆಯ ಮಣ್ಣಿನ ಮೇಲೆ ಹೆಜ್ಜೆ ಇಟ್ಟಂತೆ.

'ಏನಿದು?' ಎಂದುಕೊಳ್ಳುವಷ್ಟರಲ್ಲಿ ಯಾರೋ ಅವಳ ಮುಂಗೈ ಹಿಡಿದು ಬಲವಾಗಿ ಒಳಕ್ಕೆ ಎಳೆದರು. ಬಳೆಗಳು ಚೂರಾದವು. ಅವಳು ಮುಗ್ಗರಿಸಿ ಹೋಗಿ ಒಬ್ಬ ಗಂಡಸಿನ ಎದೆಗೆ ಬಡಿದಳು.

ತಲೆ ಎತ್ತಿದರೆ... ಪ್ರಭುಸ್ವಾಮಿ!

ಅವನ ಹಣೆಯ ತುಂಬ ಬೆವರು. ಓಡಿಬಂದ ಏದುಸಿರು. ಹಿಡಿದ ಕೈಯನ್ನು ಬಿಡುವುದನ್ನೇ ಅವನು ಮರೆತಿದ್ದ.

"ಅಯ್ಯೋ ಶಿವನೇ! ಯಾರೋ ಬಂದು ಹುಡುಗಿ ಕೈ ಹಿಡಿದವ್ನಲ್ಲಪ್ಪಾ!" ಸೋದರತ್ತೆ ಸಿದ್ದಲಿಂಗಮ್ಮ ಕಿರುಚಿಕೊಂಡರು.

ಬ್ಯಾಂಡಿನ ಸದ್ದನ್ನೂ ಮೀರಿದ್ದು ಆ ಕಿರುಚಾಟ ಒಂದೇ.

* * *

ಪ್ರಭುಸ್ವಾಮಿ ಯಾರೆಂದು ಗಿರಿಜೆಗೆ ಚೆನ್ನಾಗಿ ಗೊತ್ತಿತ್ತು. ಹಾಗೆ ಗೊತ್ತಿತ್ತೆಂಬುದು ಬೇರೆ ಯಾರಿಗೂ ಗೊತ್ತಿರಲಿಲ್ಲ.

ತಗಡೂರಿನ ಹುಡುಗ. ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿದ್ದು ಓದಿಕೊಂಡು, ಪಟ್ಟಣದ ಒಬ್ಬ ಎಂಜಿನಿಯರರ ಬಳಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ್ದ. ಎದುರು ಅಂಗಡಿಯವರು ತಮ್ಮ ಕಟ್ಟಡವನ್ನು ಒಡೆದು ಹೊಸದಾಗಿ ಕಟ್ಟಿಸಬೇಕೆಂದಿದ್ದರು. "ಗುರುಮಲ್ಲಪ್ಪನೋರ ಅಂಗಡಿ ಹಂಗೇ ಇರಬೇಕು ನಂದೂನೂ" ಎಂದು ಹಟ ಹಿಡಿದಿದ್ದರು. ಅದಕ್ಕಾಗಿ ಪ್ರಭುಸ್ವಾಮಿ ದಿನವೂ ಎದುರು ಜಗಲಿಯಲ್ಲಿ ಕೂತು ಈ ಕಟ್ಟಡವನ್ನು ನೋಡಿ ನೋಡಿ ಬರೆಯುತ್ತಿದ್ದ.

ನೋಡುವಂಥ ಕಟ್ಟಡವೇ ಅದು. ಗಿರಿಜೆಯ ತಾತ ಕಟ್ಟಿಸಿದ್ದು. ಕೆಳಗೆ ಅಂಗಡಿಯ ಮುಂದೆ ಕಲ್ಲಿನ ಕಂಬಗಳ ಮೇಲೆ ಕಮಾನು. ಮೇಲೆ ಮನೆ. ಮನೆಯ ಮುಂದೆ ಇಡೀ ಅಗಲಕ್ಕೂ ತೇಗದ ಬಾಲ್ಕನಿ. ಗೋಡೆಯಿಂದ ಹೊರಕ್ಕೆ ಚಾಚಿದ ತೊಲೆಗಳೇ ಅದಕ್ಕೆ ಆಧಾರ. ಒಂದೊಂದು ತೊಲೆಯ ಕೆಳಗೂ ಆಸರೆಯಾಗಿ ಗಿಳಿ ಕೆತ್ತಿದ ಮರದ ಬೋದಿಗೆ. ಕಿಟಕಿಗಳ ನೆತ್ತಿಯಲ್ಲಿ ಕೆಂಪು, ಹಸಿರು, ಹಳದಿ ಗಾಜು. ಎಲ್ಲಕ್ಕಿಂತ ಮೇಲೆ ಗಾರೆಯಲ್ಲಿ ಮಾಡಿದ ಹೂಬಳ್ಳಿ.

ಅದರಲ್ಲೇ ಹುಟ್ಟಿ ಬೆಳೆದ ಗಿರಿಜೆ ಅದನ್ನು ನೋಡಿಯೇ ಇರಲಿಲ್ಲ! ಅವನು ನೋಡುವುದನ್ನು ನೋಡುತ್ತಾ ಕಲಿತಳು. ಹಸಿರು ಗಾಜಿನ ಕಿಟಕಿಯ ಹಿಂದೆ ನಿಂತು, ಅವನ ಕಣ್ಣು ಎಲ್ಲಿ ನಿಲ್ಲುತ್ತದೋ ಅಲ್ಲಿ ಏನಿದೆ ಎಂದು ಆಮೇಲೆ ಹೋಗಿ ಹುಡುಕುತ್ತಿದ್ದಳು.

ಒಂದು ದಿನ ಅಪ್ಪ ಇಲ್ಲದಾಗ ಅವನು ಮೆಟ್ಟಿಲ ಬುಡಕ್ಕೆ ಬಂದಿದ್ದ.

"ಮೇಲಿನ ಬೋದಿಗೆಗಳನ್ನ ಹತ್ತಿರದಿಂದ ನೋಡಬೇಕಿತ್ತು... ಯಜಮಾನ್ರು ಇದ್ದಾರಾ?"

"ಇಲ್ಲ. ನಂಜನಗೂಡಿಗೆ ಹೋಗವ್ರೆ."

"ಹಾಗಾದ್ರೆ ಇನ್ನೊಂದಿನ ಬರ್ತೀನಿ." ಅವನು ಹೊರಟವನು ತಿರುಗಿದ. "ನಿಮ್ಮ ಬಾಲ್ಕನಿಯ ಗಿಳಿಗಳು ಒಂದರ ಹಾಗೆ ಇನ್ನೊಂದಿಲ್ಲ, ಗೊತ್ತಾ? ಒಂದು ಹಣ್ಣು ತಿಂತಿದೆ, ಒಂದು ಮುನಿಸಿಕೊಂಡಿದೆ. ಕೆತ್ತಿದವನು ಬಹಳ ಖುಷಿಯಾಗಿದ್ದಿರಬೇಕು."

ಅವಳು ನಕ್ಕುಬಿಟ್ಟಿದ್ದಳು. ಅವನೂ ನಕ್ಕಿದ್ದ.

ಅಷ್ಟೇ! ಆದರೆ ಅಷ್ಟೇ ಮಾತನ್ನು ಗಿರಿಜೆ ಮನಸ್ಸಿನಲ್ಲಿ ಎಷ್ಟು ಸಲ ಆಡಿಸಿಕೊಂಡಿದ್ದಳೋ...

* * *

ಗುರುಮಲ್ಲಪ್ಪ ಮೆಟ್ಟಿಲು ಹತ್ತಿ ಬಂದವರೇ ಪ್ರಭುಸ್ವಾಮಿಯ ಕೆನ್ನೆಗೆ ಹೊಡೆದರು.

"ಏನಯ್ಯಾ ನಿನ್ನ ಪೊಗರು! ನಮ್ಮ ಮನೆ ಹೆಣ್ಣುಮಗಳ ಮೈ ಮುಟ್ತೀಯಾ?"

"ಯಜಮಾನ್ರೇ, ಬಾಲ್ಕನಿಯ ಮೂಲೆ ತೊಲೆ ಇಳೀತಾ ಇತ್ತು. ಎದುರಿಂದ ನೋಡಿದೆ. ಗಾರೆ ಉದುರ್ತಾ ಇತ್ತು. ಓಡಿಬಂದು ಕೂಗಿದೆ, ಯಾರಿಗೂ ಕೇಳಿಸಲಿಲ್ಲ..."

"ನಮ್ಮಪ್ಪ ಕಟ್ಟಿಸಿದ ಬಾಲ್ಕನಿ ಬೀಳುತ್ತಾ? ನೋಡು!"

ಗುರುಮಲ್ಲಪ್ಪ ದಡದಡನೆ ಬಾಲ್ಕನಿಗೆ ಹೋಗಿ ನಡುಮಧ್ಯೆ ನಿಂತು ಕಾಲನ್ನು ಎತ್ತಿ ಎತ್ತಿ ಕುಕ್ಕಿದರು. ಏನೂ ಅಲುಗಾಡಲಿಲ್ಲ. ಹೆಂಗಸರು ಸೆರಗಿನೊಳಗೆ ನಕ್ಕರು.

"ಗಿರಿಜಾ, ನೀನು ಮೂಲೆಯಲ್ಲೇ ನಿಂತಿದ್ದೆ. ನೀನೇ ಹೇಳವ್ವ. ಏನಾದ್ರೂ ಅಲುಗಾಡ್ತಾ?"

ಎಲ್ಲರ ಕಣ್ಣೂ ಅವಳ ಮೇಲೆ. ಪುಟ್ಟತಾಯಮ್ಮನ ಕಣ್ಣಂತೂ ಸೂಜಿಯ ಮೊನೆ.

'ಹೌದು ಅಂದರೆ? ನೀನ್ಯಾಕೆ ಅವನ ಪರ ಮಾತಾಡ್ತೀಯ ಅಂತಾರೆ. ಕಿಟಕಿ ಹಿಂದೆ ನಿಲ್ಲೋದು, ಮೆಟ್ಟಿಲ ಹತ್ರ ನಕ್ಕಿದ್ದು... ಎಲ್ಲಾ ನನ್ನ ಮುಖದ ಮೇಲೆ ಬರೆದ ಹಾಗೆ ಕಾಣಿಸಿಬಿಡುತ್ತೆ.'

"ಇಲ್ಲ ಅಪ್ಪಾಜಿ," ಎಂದಳು ಗಿರಿಜೆ.

ಪ್ರಭುಸ್ವಾಮಿ ಅವಳನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ದಾರಿ ತಪ್ಪಿದವನ ಗಲಿಬಿಲಿ ಇತ್ತು. ಆಮೇಲೆ ತಲೆ ತಗ್ಗಿಸಿದ. ಅಂಗಡಿಯ ಆಳುಗಳು ಅವನ ಅಂಗಿ ಹಿಡಿದು ಎಳೆದುಕೊಂಡು ಹೋದರು. ಅವನು ತಲೆ ಎತ್ತಲೇ ಇಲ್ಲ.

"ಸರಿ ಸರಿ, ಬನ್ನಿ. ಅಂಬಾರಿ ಬಂದ್ಬುಡ್ತದೆ," ಎಂದು ಸಿದ್ದಲಿಂಗಮ್ಮ ಹೆಂಗಸರನ್ನು ಮತ್ತೆ ಬಾಲ್ಕನಿಗೆ ಕರೆದರು.

ಗಿರಿಜೆ ನೋಡುತ್ತಾ ನಿಂತಳು. ಅವಳು ಆಡಿದ ಸುಳ್ಳಿನ ಮೇಲೆ ಅಷ್ಟೂ ಜನ ಹೋಗಿ ನಿಲ್ಲುತ್ತಿದ್ದಾರೆ! ನೆಂಟರು, ಅವರ ಮಕ್ಕಳು, ಅತ್ತೆ...

ಅವಳು ಮಾಡಿದ್ದು ಒಂದೇ. ಕಣ್ಣು ಮುಚ್ಚಿ ಧೊಪ್ಪನೆ ನೆಲಕ್ಕೆ ಬಿದ್ದಳು.

"ಹುಡುಗಿ ಮೂರ್ಛೆ ಹೋದ್ಲು! ನೀರು ತನ್ನಿ!"

ಎಲ್ಲರೂ ಒಳಗೆ ಓಡಿಬಂದರು. ಅಂಬಾರಿ ದಾಟಿ ಹೋಗುವವರೆಗೂ ಅವಳು ಕಣ್ಣು ಬಿಡಲಿಲ್ಲ. ಹೊರಗೆ ಜಯಘೋಷ ಮುಗಿಲು ಮುಟ್ಟಿತ್ತು. ಮುಚ್ಚಿದ ರೆಪ್ಪೆಯಡಿಯಿಂದ ನೀರು ಸುರಿಯುತ್ತಿತ್ತು. ಮೇಲೆ ಬಾಗಿದ ಹೆಂಗಸರು ಅಂದದ್ದೆಲ್ಲ ಕಿವಿಗೆ ಬಿತ್ತು.

"ಎಷ್ಟು ಹೆದರಿಸಿಬಿಟ್ಟವ್ನೆ ನೋಡಿ, ಪಾಪಿ! ಅವನ ಕೈಗೆ ಹುಳ ಬೀಳ..."

ಅವರನ್ನು ಉಳಿಸಲು ಆಡಿದ ಆಟವೇ ಅವನ ಮೇಲಿನ ಅಪವಾದಕ್ಕೆ ಮೊಹರು ಒತ್ತಿತ್ತು.

* * *

ಗುರುಮಲ್ಲಪ್ಪ ಮರುದಿನವೇ ಎಂಜಿನಿಯರರನ್ನು ಕಂಡು ಬಂದರು. ಪ್ರಭುಸ್ವಾಮಿಯ ಕೆಲಸ ಹೋಯಿತು. ಎದುರು ಜಗಲಿ ಖಾಲಿಯಾಯಿತು. ಎದುರಿನವರ ಹೊಸ ಕಟ್ಟಡವೂ ಆಗಲಿಲ್ಲ.

ಚಾಮರಾಜನಗರದ ಸಂಬಂಧವೂ ಮುರಿದುಬಿತ್ತು. "ಬೀದಿ ಜನರ ಮುಂದೆ ಕೈ ಹಿಡಿಸಿಕೊಂಡ ಹುಡುಗಿ" ಎಂದು ಪುಟ್ಟತಾಯಮ್ಮ ಹೇಳಿ ಕಳಿಸಿದ್ದರು. ಗುರುಮಲ್ಲಪ್ಪ ಅದಕ್ಕೂ ಪ್ರಭುಸ್ವಾಮಿಯನ್ನೇ ಬೈದರು. ಗಿರಿಜೆ ಅನ್ನ ಕಲಸುತ್ತಾ ಕೂತಳು. ತುತ್ತು ಬಾಯಿಗೆ ಹೋಗಲಿಲ್ಲ.

ಆ ದಿನದಿಂದ ಅವಳು ಬಾಲ್ಕನಿಯ ಬಾಗಿಲಿಗೆ ಕಾವಲಾದಳು. ಪಾರಿವಾಳ ನುಗ್ಗುತ್ತವೆ ಎಂದು ಬೀಗ ಹಾಕಿಸಿದಳು. ಬೀಗದ ಮುಂದೆ ತಾತನ ಕಾಲದ ಮರದ ಪೆಟ್ಟಿಗೆ ಎಳೆದಿಟ್ಟಳು. ಯಾರಾದರೂ ಅದನ್ನು ಸರಿಸಹೋದರೆ ಸಿಡುಕುತ್ತಿದ್ದಳು.

"ಏನವ್ವಾ ನೀನು, ಭೂತ ಹಿಡಿದೋಳ ಥರ ಆಡ್ತೀಯ?" ಎಂದು ಸಿದ್ದಲಿಂಗಮ್ಮ ಗದರುತ್ತಿದ್ದರು.

ಹೇಳಬಹುದಿತ್ತು. ದಿನಾ ಬೆಳಗ್ಗೆ 'ಇವತ್ತು ಹೇಳ್ತೀನಿ' ಎಂದುಕೊಂಡೇ ಏಳುತ್ತಿದ್ದಳು. ಅಪ್ಪನ ಮುಖ ಕಂಡೊಡನೆ ನಾಲಿಗೆ ಒಣಗುತ್ತಿತ್ತು. ಕನ್ನಡಿಯಲ್ಲಿ ಬೈತಲೆ ತೆಗೆಯುವಾಗ ತನ್ನ ಕಣ್ಣನ್ನೇ ತಾನು ನೋಡಿಕೊಳ್ಳಲಾಗುತ್ತಿರಲಿಲ್ಲ.

'ಎರಡು ಅಕ್ಷರ... ಇಲ್ಲ ಅಂತ ಎರಡೇ ಅಕ್ಷರ ಅಂದೆ. ಒಬ್ಬರ ಬದುಕು ಹೋಯಿತು.'

* * *

ಮತ್ತೆ ದಸರಾ ಹತ್ತಿರ ಬಂತು. ಗುರುಮಲ್ಲಪ್ಪ ಅಂಗಡಿಗೆ ಹೊಸ ಬಣ್ಣ ಹೊಡೆಸಲು ಆಳುಗಳನ್ನು ಕರೆಸಿದರು. ಗಿರಿಜೆ ಅಡುಗೆಮನೆಯಲ್ಲಿದ್ದಾಗ ಪೆಟ್ಟಿಗೆ ಎಳೆಯುವ ಸದ್ದು ಕೇಳಿತು. ಓಡಿಬಂದಳು. ಬೀಗ ತೆಗೆದಿತ್ತು. ಬಣ್ಣದ ಡಬ್ಬ ಹಿಡಿದ ಆಳು ಜವರಯ್ಯ ಬಾಲ್ಕನಿಗೆ ಕಾಲಿಟ್ಟು ಮೂಲೆಯ ಕಡೆಗೆ ನಡೆದಿದ್ದ.

"ಹೋಗ್ಬೇಡಿ! ಅಲ್ಲಿಗೆ ಹೋಗ್ಬೇಡಿ!"

ಅವಳ ಕೂಗಿಗೆ ಕೆಳಗಿನ ಗಿರಾಕಿಗಳೂ ಹೊರಗೆ ಬಂದು ಮೇಲೆ ನೋಡಿದರು. ಜವರಯ್ಯ ಹೆದರಿ ಹಿಂದಕ್ಕೆ ಬಂದ. ಗುರುಮಲ್ಲಪ್ಪ ಏದುತ್ತಾ ಮಹಡಿ ಹತ್ತಿದರು.

"ಏನಾಯ್ತು?"

ಗಿರಿಜೆ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಅವತ್ತು ನಾನು ಸುಳ್ಳು ಹೇಳಿದೆ ಅಪ್ಪಾಜಿ."

"ಯಾವತ್ತು?"

"ಹಲಗೆ ಇಳೀತು. ನನ್ನ ಕಾಲ ಕೆಳಗೇ ಇಳೀತು. ಅವರು ಎಳೀದೆ ಇದ್ದಿದ್ರೆ ಏನಾಗ್ತಿತ್ತೋ... ನಾನು ಇಲ್ಲ ಅಂದೆ. ಮೂರ್ಛೇನೂ ಹೋಗಿರಲಿಲ್ಲ. ಎಲ್ಲರೂ ಒಳಗೆ ಬರಲಿ ಅಂತ ಬಿದ್ದೆ."

"ಯಾಕೆ? ಯಾಕವ್ವ ಸುಳ್ಳು ಹೇಳ್ದೆ?"

ಆಳುಗಳಿದ್ದರು, ಅತ್ತೆಯಿದ್ದರು, ಮೆಟ್ಟಿಲ ಮೇಲೆ ಗಿರಾಕಿಗಳಿದ್ದರು. ಗಿರಿಜೆ ಸೆರಗಿನ ಅಂಚನ್ನು ಹಿಡಿದುಕೊಂಡಳು. ಈ ಸಲ ನಿಲ್ಲಿಸಲಿಲ್ಲ.

"ಅವರು ನನಗೆ ಇಷ್ಟವಾಗಿದ್ರು. ಅದು ಎಲ್ಲರಿಗೂ ಗೊತ್ತಾಗಿಬಿಡುತ್ತೆ ಅಂತ ನಾಚಿಕೆಯಾಯ್ತು."

ಅವಳು ಏಟಿಗೆ ಸಿದ್ಧಳಾಗಿ ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ.

ಗುರುಮಲ್ಲಪ್ಪ ಆಳುಗಳ ಕಡೆ ತಿರುಗಿ, "ಒಂದು ಉಳಿ ಕೊಡಿ," ಎಂದರು. ಕೆಳಗಿಳಿದು ಏಣಿ ಹಾಕಿಸಿ, ಮೂಲೆಯ ತೊಲೆಯ ಬುಡಕ್ಕೆ ಹೊಡೆದಿದ್ದ ಬಣ್ಣದ ಹಲಗೆಯನ್ನು ತಾವೇ ಮೀಟಿದರು. ಹಲಗೆಯ ಹಿಂದಿನಿಂದ ಒದ್ದೆ ಹುಡಿ ಸುರಿಯಿತು. ಗೋಡೆಯೊಳಗಿನ ತೊಲೆಯ ತುದಿ ಹಿಸುಕಿದರೆ ಪುಡಿಯಾಗುವಂತಿತ್ತು. ಅದನ್ನು ಹಿಡಿದಿಟ್ಟಿದ್ದದ್ದು ಕೆಳಗಿನ ಬೋದಿಗೆ ಒಂದೇ.

ಅವರು ಏಣಿಯಿಂದ ಇಳಿದು ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತರು. ಗಿರಿಜೆ ಹತ್ತಿರ ಹೋದಳು.

"ನನಗೆ ಗೊತ್ತಿತ್ತು ಕಣವ್ವ," ಎಂದರು ಮೆಲ್ಲಗೆ. "ಸೂರಿನ ನೀರು ಗೋಡೆಯೊಳಗೆ ಇಳೀತಿತ್ತು. ಕಲೆ ಕಾಣಬಾರದು ಅಂತ ಹಲಗೆ ಹೊಡೆಸಿದೋನು ನಾನೇ. ಗುರುಮಲ್ಲಪ್ಪನ ಅಂಗಡಿ ಸೋರ್ತದೆ ಅಂದ್ರೆ ಮರ್ಯಾದೆ ಏನಾಗ್ಬೇಕು ಅಂತ..."

"ಅಪ್ಪಾಜಿ..."

"ಅವತ್ತು ನಡುವೆ ನಿಂತು ಕಾಲು ಕುಕ್ಕಿದೆನಲ್ಲ, ಮೂಲೆಗೆ ಯಾಕೆ ಹೋಗಲಿಲ್ಲ ಹೇಳು? ಹೆದರಿಕೆ! ನಾನು ಹೆದರಿದ ಜಾಗದಲ್ಲಿ ನಿನ್ನನ್ನ ನಿಲ್ಲಿಸಿದ್ದೆ. ನಿನ್ನ ಎಳೆದು ಉಳಿಸಿದವನನ್ನ ಹೊಡೆದೆ."

ಅಪ್ಪ ಅಳುವುದನ್ನು ಗಿರಿಜೆ ಎಂದೂ ಕಂಡಿರಲಿಲ್ಲ.

* * *

ಪ್ರಭುಸ್ವಾಮಿ ಪಟ್ಟಣ ಬಿಟ್ಟಿರಲಿಲ್ಲ. ಮಂಡಿ ಮೊಹಲ್ಲಾದ ಒಂದು ಮರದ ಡಿಪೋದಲ್ಲಿ ದಿಮ್ಮಿಗಳ ಅಳತೆ ಹಿಡಿಯುವ ಕೆಲಸ ಮಾಡಿಕೊಂಡಿದ್ದ. ಅಪ್ಪ ಮಗಳು ಜಟಕಾದಲ್ಲಿ ಹೋಗಿ ಇಳಿದಾಗ ಅವನು ಅಳತೆಯ ಟೇಪು ಸುತ್ತುತ್ತಾ ನಿಂತಿದ್ದ. ಸೊರಗಿದ್ದ.

ಅವರನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ. ಆ ಒಂದು ಹೆಜ್ಜೆ ಗಿರಿಜೆಯ ಕಣ್ಣಿಗೆ ಬಿತ್ತು. 'ನಮ್ಮನ್ನ ನೋಡಿದ್ರೆ ಇವರಿಗೆ ಹೆದರಿಕೆ...'

ಗುರುಮಲ್ಲಪ್ಪ ಮುಂದೆ ಬಂದರು. "ತೊಲೆ ಪೂರ್ತಿ ಹೋಗಿದೆ ಕಣಪ್ಪ. ನೀನು ಹೇಳಿದ್ದೇ ಸರಿ. ನಾನು... ನನಗೆ ಮಾತು ಬರ್ತಿಲ್ಲ." ಕೈ ಮುಗಿದರು. "ಬಂದು ರಿಪೇರಿ ಮಾಡಿಸಿಕೊಡು."

"ನಾನು ಕಟ್ಟಡ ನೋಡೋದನ್ನ ಬಿಟ್ಟಿದ್ದೀನಿ ಯಜಮಾನ್ರೇ. ಬೇರೆ ಯಾರನ್ನಾದ್ರೂ ಕರೀರಿ."

"ಅಪ್ಪಾಜಿ, ನೀವು ಗಾಡಿ ಹತ್ರ ಇರಿ," ಎಂದಳು ಗಿರಿಜೆ. ಗುರುಮಲ್ಲಪ್ಪ ಮಗಳ ಮುಖ ನೋಡಿದರು. ಗಾಡಿಯ ಕಡೆ ನಡೆದರು.

ಸುತ್ತ ಹಸಿ ಮರದ ವಾಸನೆ. ದೂರದಲ್ಲಿ ಗರಗಸದ ಸದ್ದು. ಗಿರಿಜೆ ತಲೆ ತಗ್ಗಿಸಿಯೇ ಮಾತಾಡಿದಳು.

"ನನ್ನನ್ನ ಬೈದುಬಿಡಿ. ನಿಮಗೆ ಏನನ್ನಿಸುತ್ತೋ ಅನ್ನಿ."

"ನಿಮ್ಮನ್ನ ಯಾಕೆ ಬೈಲಿ? ತಪ್ಪು ನಂದು."

"ನಿಮ್ಮದಾ?!"

"ಬಾಲ್ಕನಿ ಬೀಳಲಿಲ್ಲ. ನೀವು ಅಲುಗಾಡಲಿಲ್ಲ ಅಂದ್ರಿ." ಅವನು ಟೇಪನ್ನು ಮತ್ತೆ ಬಿಗಿಯಾಗಿ ಸುತ್ತಿದ. "ಆಮೇಲೆ ಯೋಚನೆ ಮಾಡಿದೆ. ಅಷ್ಟು ಜನ ಹೆಂಗಸರಿದ್ರು... ನಾನು ಹೋಗಿ ಹಿಡಿದಿದ್ದು ನಿಮ್ಮ ಕೈನೇ. ಯಾಕೆ? ಅಷ್ಟು ದಿನ ಕಟ್ಟಡ ನೋಡ್ತಾ ನೋಡ್ತಾ ಹಸಿರು ಗಾಜಿನ ಕಿಟಕೀನೂ ನೋಡ್ತಿದ್ದೆ ನಾನು. ತೊಲೆ ಇಳಿದಿದ್ದು ನನ್ನ ಭ್ರಮೆ, ಮನಸ್ಸಿನಲ್ಲಿದ್ದ ಆಸೆಯೇ ನೆಪ ಹುಡುಕಿತು ಅಂದುಕೊಂಡೆ. ಅವರು ಹೊಡೆದಿದ್ದು ಸರಿ ಅಂದುಕೊಂಡೆ. ನಮ್ಮವ್ವನ ಮುಖ ನೋಡೋಕೆ ನಾಚಿಕೆಯಾಗಿ ಊರಿಗೂ ಹೋಗಿಲ್ಲ."

ಗಿರಿಜೆ ಅಲ್ಲೇ ಇದ್ದ ದಿಮ್ಮಿಯ ಮೇಲೆ ಕೂತುಬಿಟ್ಟಳು. ತನ್ನ ಎರಡಕ್ಷರ ಇವನ ಕೆಲಸವನ್ನಷ್ಟೇ ಅಲ್ಲ, ಇವನಿಗೆ ಇವನ ಮೇಲೇ ಇದ್ದ ನಂಬಿಕೆಯನ್ನೂ ಕಿತ್ತುಕೊಂಡಿತ್ತು!

"ಇಳೀತು ಕಣ್ರೀ!" ಎಂದಳು ಅಳುತ್ತಾ. "ಹಲಗೆ ಇಳೀತು! ನೀವು ಬರೋಕೆ ಮುಂಚೇನೇ ಇಳೀತು. ನನಗೆ ಗೊತ್ತಾಯ್ತು. ಮೂಲೆಯಲ್ಲಿದ್ದವಳು ನಾನು, ಅದಕ್ಕೇ ನನ್ನ ಕೈ ಹಿಡಿದ್ರಿ. ಬೇರೆ ಏನೂ ಅಲ್ಲ!"

ಪ್ರಭುಸ್ವಾಮಿಯ ಕೈಯಿಂದ ಟೇಪು ಜಾರಿತು.

"ನಿಜವಾಗ್ಲೂ?"

"ನಿಜವಾಗ್ಲೂ. ನಾನು ಹೆದರಿ ಸುಳ್ಳು ಹೇಳಿದೆ. ನಿಮ್ಮನ್ನ ನೋಡೋಕೆ ಕಿಟಕಿ ಹತ್ರ ನಿಲ್ತಿದ್ದೆ, ಅದು ಬಯಲಾಗುತ್ತೆ ಅಂತ."

ಅವನು ಮುಖ ಮುಚ್ಚಿಕೊಂಡ. ಭುಜಗಳು ಅಲುಗಿದವು. ಗಿರಿಜೆಗೆ ಸಮಾಧಾನ ಹೇಳುವ ಹಕ್ಕು ತನಗಿಲ್ಲ ಎನ್ನಿಸಿತ್ತು.

ಅವನು ಕಣ್ಣೊರೆಸಿಕೊಂಡು ಕೇಳಿದ.

"ಬೋದಿಗೆ ಚೆನ್ನಾಗಿದೆಯಾ?"

* * *

ಗುರುಮಲ್ಲಪ್ಪ ಎಲ್ಲವನ್ನೂ ಕಿತ್ತುಹಾಕಿ ಸಿಮೆಂಟಿನ ಮುಖ ಕಟ್ಟಿಸಿಬಿಡೋಣ ಎಂದರು. ಆ ಬಾಲ್ಕನಿಯನ್ನು ನೋಡಿದರೆ ಅವರಿಗೆ ತಮ್ಮ ತಪ್ಪೇ ಕಾಣುತ್ತಿತ್ತು.

"ಬೇಡ ಯಜಮಾನ್ರೇ," ಎಂದ ಪ್ರಭುಸ್ವಾಮಿ. "ಕಟ್ಟಡದ್ದೇನು ತಪ್ಪು? ನೀರು ಹೋಗೋ ದಾರಿ ಸರಿಮಾಡಿ, ಕೆಟ್ಟ ತೊಲೆ ಬದಲಾಯಿಸೋಣ. ಮಿಕ್ಕಿದ್ದು ಇನ್ನೂ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ."

ಕಂಬಗಳ ಆಸರೆ ಕೊಟ್ಟು ಇಡೀ ಬಾಲ್ಕನಿಯನ್ನು ಎತ್ತಿ ಹಿಡಿದರು. ಹೊಸ ತೇಗದ ತೊಲೆ ಗೋಡೆಯೊಳಗೆ ಕೂತಿತು. ಸೂರಿನ ಮಳೆನೀರು ಹರಿಯುವ ತಗಡಿನ ದೋಣಿ ಬದಲಾಯಿತು. ಬಂದು ಕೇಳಿದವರಿಗೆಲ್ಲ ಗುರುಮಲ್ಲಪ್ಪ ತಾವೇ ಹೇಳಿದರು: "ಹುಡುಗ ಅವತ್ತು ನಮ್ಮನೆ ಹೆಂಗಸರ ಜೀವ ಉಳಿಸಿದ. ನಾನೇ ಕತ್ತೆ."

ಕೆಲಸ ಮುಗಿದ ಮಧ್ಯಾಹ್ನ ಪ್ರಭುಸ್ವಾಮಿ ಮಹಡಿಯ ಪಡಸಾಲೆಯಲ್ಲಿ ಕೈ ತೊಳೆದು ನಿಂತಿದ್ದ. ಗಿರಿಜೆ ಮಜ್ಜಿಗೆ ತಂದುಕೊಟ್ಟಳು. ಅಷ್ಟು ದಿನವೂ ಇಬ್ಬರೂ ಕೆಲಸಕ್ಕೆ ಬೇಕಾದ ಮಾತಲ್ಲದೆ ಬೇರೆ ಆಡಿರಲಿಲ್ಲ.

"ನಾಳೆಯಿಂದ ಬರಲ್ಲ," ಎಂದ.

"ಅಪ್ಪಾಜಿ ಅತ್ತೆ ಹತ್ರ ನಿಮ್ಮ ಊರು, ಮನೆತನ ಎಲ್ಲಾ ವಿಚಾರಿಸ್ತಾ ಇದ್ರು. ಅತ್ತೆ, ತಗಡೂರಿಗೆ ಬಸ್ ಎಷ್ಟೊತ್ತಿಗೆ ಅಂತ ಕೇಳ್ತಿದ್ರು."

ಅವನು ಲೋಟ ಕೆಳಗಿಟ್ಟ. "ಹೋಗ್ಬೇಡಿ ಅಂತ ಹೇಳಿ."

ಗಿರಿಜೆ ಲೋಟ ಎತ್ತಿಕೊಂಡಳು. 'ಕ್ಷಮಿಸಿಲ್ಲ... ಹೇಗೆ ಕ್ಷಮಿಸ್ತಾರೆ?'

"ನನ್ನ ಮೇಲೆ ಕೋಪ ಹೋಗಿಲ್ಲ, ಅಲ್ವಾ?"

"ಕೋಪವಲ್ಲ ಗಿರಿಜಾ ಅವರೇ! ನಾಳೆ ನಾನು ನಿಮ್ಮನ್ನ ಮದುವೆಯಾದ್ರೆ ಜನ ಏನಂತಾರೆ? ನೋಡಿ, ಅವತ್ತು ಅದಕ್ಕೇ ಕೈ ಹಿಡಿದಿದ್ದು ಅಂತಾರೆ. ನಿಮ್ಮ ಹೆಸರು ಮತ್ತೆ ಬೀದಿಗೆ ಬರುತ್ತೆ."

"ಅನ್ನಲಿ."

ಅವನು ಬೆರಗಾಗಿ ನೋಡಿದ.

"ಜನ ಏನಂತಾರೋ ಅಂತ ಹೆದರಿ ಒಂದು ಸಲ 'ಇಲ್ಲ' ಅಂದೆ. ಅದರ ಸಂಕಟ ಸಾಕು," ಎಂದಳು ಗಿರಿಜೆ. ಗಲ್ಲದ ಮೇಲೆ ನೀರು ಹರಿಯುತ್ತಿತ್ತು, ದನಿ ಮಾತ್ರ ನಡುಗಲಿಲ್ಲ. "ನನಗೆ ನೀವು ಬೇಕು. ನಿಮಗೆ ನಾನು ಬೇಡವಾದ್ರೆ ಹೇಳಿ. ಜನರ ಹೆಸರು ಹೇಳ್ಬೇಡಿ."

"ಬೇಡ ಅಂತ ಯಾರಂದ್ರು?" ಅವನು ಒಂದು ಹೆಜ್ಜೆ ಮುಂದೆ ಬಂದ. "ನಮ್ಮದು ಸಣ್ಣ ಮನೆ. ಅವ್ವ ಸ್ವಲ್ಪ ಜೋರು. ಒಲೆ ಹೊಗೆಯಾಡುತ್ತೆ."

"ಊದೋಕೆ ಬರುತ್ತೆ ನನಗೆ."

ಅವನು ನಕ್ಕ. ಕೆಳಗೆ ಸಿದ್ದಲಿಂಗಮ್ಮ ಯಾರಿಗೋ, "ಬಸ್ಸು ಬೆಳಗ್ಗೇನೇ ಅಂತೆ, ಬೇಗ ಎದ್ದೇಳ್ಬೇಕು!" ಎಂದು ಕೂಗಿ ಹೇಳುತ್ತಿದ್ದರು.

ಗಿರಿಜೆಗೆ ಇದ್ದಕ್ಕಿದ್ದಂತೆ ತಾನು ಆಡಿದ್ದೆಲ್ಲ ನೆನಪಾಗಿ ಕಿವಿಯವರೆಗೂ ಮುಖ ಕೆಂಪಾಯಿತು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ತಲೆ ಬಾಗಿಸಿದಳು.

"ಯಾಕೆ, ಅವತ್ತಿನ ನಾಚಿಕೆ ಇನ್ನೂ ಹೋಗಿಲ್ವಾ?" ಪ್ರಭುಸ್ವಾಮಿ ಮೆಲ್ಲಗೆ, ನೋವಿನಿಂದಲೇ ಕೇಳಿದ.

ಅವಳು ತಲೆ ಎತ್ತದೆ ನಕ್ಕಳು.

"ಇದು ಆ ನಾಚಿಕೆ ಅಲ್ಲ ಕಣ್ರೀ..."